18 ತುಂಬಿದವರ ಫಾಲೋಅಪ್: ಹಾಡಿಗೆ (ಆದಿವಾಸಿಗಳ ವಸತಿಗೆ) ಹೋಗುವವರು ಓದಿ

ಎಲ್ಲರಿಗೂ ನಮಸ್ಕಾರ. ಎಚ್.ಡಿ. ಕೋಟೆ, ಹುಣಸೂರು ಕಡೆ ಸಿಕಲ್ ಸೆಲ್ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಅಧ್ಯಯನಕ್ಕೆ ಹೋಗುವವರು ದಯವಿಟ್ಟು ಗಮನಿಸಿ.

ನಮ್ಮ ಪಟ್ಟಿಯಲ್ಲಿರುವ ಕೆಲವು ಮಕ್ಕಳಿಗೆ ಈಗ 18 ತುಂಬುತ್ತಿದೆ. ಇಲ್ಲಿಯವರೆಗೆ ಅಪ್ಪ ಅಮ್ಮ ಸಹಿ ಹಾಕಿದ್ದರು. ಇನ್ನು ಅದು ಸಾಲದು. ಅವರಿಂದಲೇ ಹೊಸದಾಗಿ ಒಪ್ಪಿಗೆ ಪಡೆಯಬೇಕು, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹಳೇ ಫಾರಂ ಇದೆಯಲ್ಲ ಅಂತ ಸುಮ್ನೆ ಪ್ರಶ್ನೆ ಶುರು ಮಾಡಬೇಡಿ. ಯಾರಾದರೂ ಬೇಡ ಅಂದರೆ ಒತ್ತಾಯ ಮಾಡಬೇಡಿ. ಚಿಕಿತ್ಸೆಗೆ ಏನೂ ತೊಂದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಈ ವಯಸ್ಸಿನವರ ಮೇಲೇ ಯಾಕೆ ಇಷ್ಟು ಗಮನ ಅಂದರೆ, ಅಮೆರಿಕದ ಡಲ್ಲಾಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕಲ್ ಸೆಲ್ ಇದ್ದು 18 ದಾಟಿದವರ ಸಾವುಗಳಲ್ಲಿ ಹೆಚ್ಚಿನವು ಮಕ್ಕಳ ವಿಭಾಗ ಬಿಟ್ಟು ದೊಡ್ಡವರ ಚಿಕಿತ್ಸೆಗೆ ಹೋದ ಸ್ವಲ್ಪ ಕಾಲದಲ್ಲೇ ಆಗಿದ್ದವು. ಮಕ್ಕಳ ವಾರ್ಡ್‌ನಲ್ಲಿ ಚಿಕ್ಕಂದಿನಿಂದ ನೋಡಿದ ಡಾಕ್ಟರ್ ಇರುತ್ತಾರೆ. ದೊಡ್ಡವರ ಒಪಿಡಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ನೋವು ಎಷ್ಟಿದೆ ಅಂದರೂ ನಂಬದವರು ಸಿಗಬಹುದು. ಹೋಗುವುದು ತಪ್ಪಿದರೆ ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ನಿಲ್ಲಬಹುದು.

ಅದಕ್ಕೇ, ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವರನ್ನು 'ಸಿಗಲಿಲ್ಲ' ಎಂದು ಬರೆದು ಕೈಬಿಡಬೇಡಿ. ಅಂಥವರೇ ನಮಗೆ ಜಾಸ್ತಿ ಮುಖ್ಯ, ಅಲ್ವಾ? ಅವರು ಒಪ್ಪಿದರೆ ಮನೆಯವರೊಬ್ಬರ ನಂಬರ್ ಕೂಡ ಬರೆದುಕೊಳ್ಳಿ.

ಜ್ವರ, ಎದೆನೋವು, ಉಸಿರಾಟದ ತೊಂದರೆ ಕಂಡರೆ ಸಂದರ್ಶನ ಅಲ್ಲಿಗೇ ನಿಲ್ಲಿಸಿ. ಮೊದಲು ಆಸ್ಪತ್ರೆಗೆ ಕಳಿಸಿ, 108ಕ್ಕೆ ಕರೆ ಮಾಡಿ.

ಈ ಗುಂಪಿನಲ್ಲಿ ಯಾರ ಹೆಸರು, ಫೋಟೊ, ರಕ್ತದ ರಿಪೋರ್ಟ್ ಹಾಕಬೇಡಿ. ಕೋಡ್ ನಂಬರ್ ಮಾತ್ರ ಸಾಕು. ಮದುವೆ ವಯಸ್ಸಿನ ಹುಡುಗ ಹುಡುಗಿಯರು ಇವರು, ಒಂದು ಸ್ಕ್ರೀನ್‌ಶಾಟ್ ಇಡೀ ಹಾಡಿಗೆ ಹರಡಬಹುದು.