ಮೊದಲ ಎರಡು ಗಂಟೆ ಉಳಿಸಿಕೊಟ್ಟವರಿಗೆ

ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿದ ಮೇಲೆ ಮಾಡಿಸುತ್ತಿದ್ದ ಪರೀಕ್ಷೆಗಳ ಕೊನೆಯ ರಿಪೋರ್ಟ್ ಹೋದ ವಾರ ಬಂತು. ಎಚ್‌ಐವಿ ಇಲ್ಲ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ಮೈಗೆ ಹಿಡಿದಿದೆ ಎಂದು ಟೈಟರ್ ಪರೀಕ್ಷೆಯೂ ಹೇಳಿದೆ. 10ಕ್ಕಿಂತ ಮೇಲಿದ್ದರೆ ಸಾಕಂತೆ, ನನ್ನದು ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಡಾಕ್ಟರ್ ಫೈಲ್ ಮುಚ್ಚಿ "ಇನ್ನು ಇದಕ್ಕಾಗಿ ಬರಬೇಡಮ್ಮ" ಎಂದರು. ಆ ಮಾತಿಗಾಗಿ ಕಳೆದ ಮಳೆಗಾಲದಿಂದ ಕಾದಿದ್ದೆ. ಈಗ ಕಾಫಿ ತೋಟಗಳಲ್ಲಿ ಬೇಸಿಗೆಯ ಹೂಮಳೆ ಬಿದ್ದಾಗಿದೆ.

ಜೊತೆಗೆ ನಿಂತವರಿಗೆಲ್ಲ ಎದುರಿಗೇ ಧನ್ಯವಾದ ಹೇಳಬೇಕು ಅಂದುಕೊಂಡಿದ್ದೆ. ಆದರೆ ಕೆಲವರು ವರ್ಗವಾಗಿ ಹೋಗಿದ್ದಾರೆ. ಒಬ್ಬರ ಹೆಸರೇ ನನಗೆ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತೇನೆ. ಕಾಂಟ್ರಾಕ್ಟ್ ಕೆಲಸ. ವಾರ್ಡ್ ಗುಡಿಸಿ ಒರೆಸುವುದು, ಬೆಡ್‌ಶೀಟ್ ಬದಲಿಸುವುದು, ಬಣ್ಣದ ಚೀಲಗಳಲ್ಲಿ ತುಂಬಿದ ಕಸ ಕಟ್ಟಿ ಕೆಳಗಿನ ಕೋಣೆಗೆ ಸಾಗಿಸುವುದು. ಜುಲೈ ನಡುವಿನ ಒಂದು ಸಂಜೆ ಕೆಂಪು ಚೀಲದ ಬಾಯಿ ಕಟ್ಟುತ್ತಿದ್ದಾಗ ಅಂಗೈಗೆ ಸೂಜಿ ಚುಚ್ಚಿತು. ಕೆಂಪು ಚೀಲಕ್ಕೆ ಬರಬೇಕಾದ್ದು ಐವಿ ಸೆಟ್, ಗ್ಲೌಸ್, ಸೂಜಿ ಕತ್ತರಿಸಿದ ಸಿರಿಂಜ್, ಇಂಥವು. ಸೂಜಿಗೆ ಬೇರೆಯೇ ಬಿಳಿ ಡಬ್ಬ ಇದೆ, ಚುಚ್ಚಿದರೂ ತೂತಾಗದಂಥದ್ದು. ಅವತ್ತು ಯಾರೋ ಅವಸರದಲ್ಲಿ ಸೂಜಿ ಸಮೇತ ಸಿರಿಂಜನ್ನು ಕೆಂಪು ಚೀಲಕ್ಕೆ ಹಾಕಿದ್ದರು. ನನ್ನ ಕೈಯಲ್ಲಿದ್ದದ್ದು ತೆಳು ಗ್ಲೌಸ್. ಕಸ ಸಾಗಿಸುವವರಿಗೆ ಕೊಡಬೇಕಾದ ದಪ್ಪ ರಬ್ಬರ್ ಗ್ಲೌಸ್ ಆಗ ನಮಗೆ ಸಿಕ್ಕಿರಲಿಲ್ಲ. ಆ ಸೂಜಿಯನ್ನು ಯಾವ ರೋಗಿಗೆ ಬಳಸಿದ್ದರು ಎಂದು ಕೊನೆಗೂ ಗೊತ್ತಾಗಲಿಲ್ಲ. ಮಳೆಗಾಲದ ಜ್ವರದವರಿಂದ ವಾರ್ಡ್ ತುಂಬಿತ್ತು.

ಮೊದಲ ಧನ್ಯವಾದ ನನ್ನ ಪಾಳಿಯ ಅಕ್ಕನಿಗೆ. ಸುತ್ತ ಇದ್ದವರು ಒಬ್ಬರು ಹಿಂಡು ಎಂದರು, ಒಬ್ಬರು ಸ್ಪಿರಿಟ್ ಹಾಕು ಎಂದರು. ಅಕ್ಕ ಯಾವುದಕ್ಕೂ ಬಿಡಲಿಲ್ಲ. ಗ್ಲೌಸ್ ತೆಗೆಸಿ, ನಲ್ಲಿ ಕೆಳಗೆ ಕೈ ಹಿಡಿಸಿ, ಸೋಪು ಹಾಕಿ ತೊಳೆಸಿದರು. ಅದೇ ಸರಿಯಾದ ಕ್ರಮ ಎಂದು ಡಾಕ್ಟರ್ ಆಮೇಲೆ ಹೇಳಿದರು. ಹಿಂಡಬಾರದು, ಬಾಯಿಗೆ ಹಾಕಬಾರದು, ಸ್ಪಿರಿಟ್, ಬ್ಲೀಚಿಂಗ್ ಏನೂ ಬೇಡ. ಸೋಪು, ನೀರು ಸಾಕು.

ಅಲ್ಲೇ ಇನ್ನೊಬ್ಬರು ನನ್ನ ಮೇಲಿನ ಕಾಳಜಿಯಿಂದಲೇ ಮೆಲ್ಲಗೆ ಹೇಳಿದರು, "ಸುಮ್ನಿರು, ಹೇಳಿದರೆ ಕೆಲಸ ಹೋಗುತ್ತೆ." ಆ ಭಯ ಸುಳ್ಳಲ್ಲ. ನಮ್ಮಂಥವರ ಕೆಲಸ ಒಂದು ಫೋನಿನಲ್ಲಿ ಹೋಗುತ್ತದೆ. ಅಕ್ಕ ಮಾತ್ರ "ಕೆಲಸ ಇನ್ನೊಂದು ಸಿಗುತ್ತೆ, ನಡಿ" ಎಂದು ಕೈ ಹಿಡಿದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದರು.

ಸಿಸ್ಟರ್, ನೀವು ಅವತ್ತು ಕೇಳಿದ ಮೊದಲ ಪ್ರಶ್ನೆ ನನಗೆ ಯಾವತ್ತೂ ಮರೆಯುವುದಿಲ್ಲ. "ಹೇಗೆ ಮಾಡಿಕೊಂಡೆ" ಅಂತ ನೀವು ಕೇಳಲಿಲ್ಲ. "ಎಷ್ಟು ಹೊತ್ತಾಯಿತು?" ಎಂದು ಕೇಳಿ ಗಡಿಯಾರ ನೋಡಿ ಸಮಯ ಬರೆದುಕೊಂಡಿರಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ ಶುರು ಮಾಡಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ ಎಂದು ಆಮೇಲೆ ತಿಳಿಯಿತು. ಹೆದರಿಕೆಯಲ್ಲಿ, ಯಾರಿಗೆ ಹೇಳಲಿ ಬೇಡವೋ ಎನ್ನುವುದರಲ್ಲಿ ಕಳೆದುಹೋಗುವುದು ಇದೇ ಗಂಟೆಗಳು. ನೀವು ಒಂದೇ ಒಂದು ಮಾತು ಗದರಿದ್ದರೂ ನಾನು ಅಳುತ್ತಾ ಮನೆಗೆ ಹೋಗಿಬಿಡುತ್ತಿದ್ದೆನೋ ಏನೋ. ನೀವು ಕುರ್ಚಿ ಕೊಟ್ಟು ಕೂರಿಸಿ, ಫಾರಂ ತುಂಬಿಸಿ, ನೀವೇ ಕ್ಯಾಶುವಲ್ಟಿಗೆ ನಡೆದುಬಂದಿರಿ.

ಅಲ್ಲಿನ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹೊರಗೆ ಅಷ್ಟು ರೋಗಿಗಳಿದ್ದರೂ ಎದುರು ಕೂತು ಲೆಕ್ಕ ಹೇಳಿದರು. ಎಚ್‌ಐವಿ ಇರುವವರ ರಕ್ತದ ಸೂಜಿಯೇ 1,000 ಸಲ ಚುಚ್ಚಿದರೆ ಸೋಂಕು ತಗಲುವುದು ಸುಮಾರು 3 ಸಲ. ಹೆಪಟೈಟಿಸ್ ಸಿ ಆದರೆ 100ಕ್ಕೆ 2ಕ್ಕಿಂತ ಕಡಿಮೆ. ಅದಕ್ಕೆ ಲಸಿಕೆ ಇಲ್ಲ, ಆದರೆ ಬಂದರೂ ಗುಣಪಡಿಸುವ ಮಾತ್ರೆಗಳಿವೆ. ನಿಜವಾಗಿ ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ 100ರಲ್ಲಿ 6ರಿಂದ 30ರವರೆಗೂ ಸಾಧ್ಯತೆ ಇದೆ. ಒಣಗಿದ ರಕ್ತದಲ್ಲೂ ಆ ವೈರಸ್ 7 ದಿನ ಉಳಿಯಬಲ್ಲದು. ಅಲ್ಲಿಯವರೆಗೆ ನಮಗೆಲ್ಲ ಸೂಜಿ ಎಂದರೆ ಎಚ್‌ಐವಿ ಒಂದೇ ನೆನಪಾಗುತ್ತಿತ್ತು.

ನನಗೆ ಲಸಿಕೆ ಆಗಿರಲಿಲ್ಲ. ಕೆಲಸಕ್ಕೆ ಸೇರಿಸಿಕೊಂಡವರು ಹಾಕಿಸಿರಲಿಲ್ಲ, ಹಾಕಿಸಬೇಕು ಎಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ.

ಡಾಕ್ಟರ್ ನನ್ನ ಒಪ್ಪಿಗೆ ಕೇಳಿಯೇ ರಕ್ತ ತೆಗೆಸಿದರು. ಯಾವ ರೋಗಿಯ ಸೂಜಿ ಎಂದು ಗೊತ್ತಿಲ್ಲದ ಕಾರಣ, ರಿಪೋರ್ಟಿಗೂ ಕಾಯದೆ ಮೊದಲ ಮಾತ್ರೆ ಅಲ್ಲೇ ನುಂಗಿಸಿದರು. ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಕೂಡ ಅದೇ ಸಂಜೆ ಆಯಿತು. ಆದರೆ ಲಸಿಕೆ ಕೆಲಸ ಮಾಡಲು ವಾರಗಳು ಬೇಕು. ಅಲ್ಲಿಯವರೆಗೆ ಕಾಪಾಡಲು ಇಮ್ಯುನೊಗ್ಲಾಬ್ಯುಲಿನ್ ಎಂಬ ಇಂಜೆಕ್ಷನ್ ಬೇಕು, ಅದನ್ನು ಆದಷ್ಟು 24 ಗಂಟೆಯೊಳಗೆ ಕೊಡಬೇಕು ಎಂದರು. ಸೂರು ಹಾಕಿ ಮುಗಿಯುವ ತನಕ ಟಾರ್ಪಾಲ್ ಹೊದಿಸಿದ ಹಾಗೆ ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು.

ಆ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ಫಾರ್ಮಸಿ ಅಣ್ಣ ರಾತ್ರಿಯೇ ಮೈಸೂರಿಗೆ ಫೋನ್ ಮಾಡಿ ಹೇಳಿದರು. ಮಾರನೇ ದಿನ ಅದು ಐಸ್ ತುಂಬಿದ ಬಾಕ್ಸಿನಲ್ಲಿ ಬಸ್ಸಿಗೆ ಹತ್ತಿತು. ನಮ್ಮ ಜಿಲ್ಲೆಗೆ ರೈಲಿಲ್ಲ, ಬರುವುದೆಲ್ಲ ಆ ರಸ್ತೆಯಲ್ಲೇ ಬರಬೇಕು. ಅವತ್ತು ಮಳೆ ನಿಂತಿರಲೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಬಸ್ ಬರುವ ತನಕ ಕಂಡಕ್ಟರ್ ಆ ಬಾಕ್ಸನ್ನು ತನ್ನ ಸೀಟಿನ ಪಕ್ಕವೇ ಇಟ್ಟುಕೊಂಡಿದ್ದರಂತೆ. ಬಿಸಿ ತಾಗಬಾರದು ಎಂದಷ್ಟೇ ಅವರಿಗೆ ಹೇಳಿದ್ದರು. ಯಾರಿಗೆ, ಏನಕ್ಕೆ ಎಂದು ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲ ಎಂದೆನಲ್ಲ, ಅದು ಇವರದೇ. ಕೊಡೆ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದವರು ಫಾರ್ಮಸಿ ಅಣ್ಣ. ಹೊತ್ತು ಮೀರುವ ಮೊದಲೇ ಇಂಜೆಕ್ಷನ್ ಆಯಿತು. ಕಂಡಕ್ಟರ್ ಅಣ್ಣ, ನೀವೆಲ್ಲಿದ್ದರೂ ನನ್ನ ನಮಸ್ಕಾರ.

ಮಾತ್ರೆಯ ದಿನಗಳು ಕಷ್ಟವಾಗಿದ್ದವು. ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ತುಂಬ ಜನ ನಡುವಿನಲ್ಲೇ ಬಿಟ್ಟುಬಿಡುತ್ತಾರೆ ಎಂದು ಮಡಿಕೇರಿಯ ಕೌನ್ಸೆಲರ್ ಮೇಡಂ ಹೇಳಿದ್ದರು. ನಾನು ಬಿಡದಂತೆ ನೋಡಿಕೊಂಡವರು ಅವರೇ. ರಾತ್ರಿ ಊಟದ ನಂತರ ತೆಗೆದುಕೊಳ್ಳುತ್ತಿದ್ದದ್ದನ್ನು ಬೆಳಗ್ಗೆಗೆ ಬದಲಿಸಿದ್ದು, ಗ್ಯಾಸ್ ಮಾತ್ರೆ, ಕಬ್ಬಿಣದ ಮಾತ್ರೆ ಯಾವುದನ್ನೂ ಕೇಳದೆ ಜೊತೆಗೆ ನುಂಗಬೇಡಿ ಎಂದದ್ದು, ಎಲ್ಲವನ್ನೂ ಸಮಾಧಾನವಾಗಿ ಹೇಳಿದರು. ನನ್ನ ಗಂಡನನ್ನೂ ಕರೆಸಿ ಇಬ್ಬರನ್ನೂ ಎದುರು ಕೂರಿಸಿದರು. ಪರೀಕ್ಷೆಗಳು ಮುಗಿಯುವ ತನಕ ಕಾಂಡೋಮ್ ಬೇಕು, ರಕ್ತದಾನ ಮಾಡಬಾರದು, ಒಟ್ಟಿಗೆ ಉಣ್ಣುವುದಕ್ಕೆ, ಮಕ್ಕಳನ್ನು ಎತ್ತಿಕೊಳ್ಳುವುದಕ್ಕೆ ಏನೂ ತೊಂದರೆ ಇಲ್ಲ ಎಂದು ನೇರವಾಗಿ ಹೇಳಿದರು. ಇಂಥ ಮಾತನ್ನು ನಾಚಿಕೆಯಾಗದಂತೆ ಹೇಳುವುದು ಸುಲಭವಲ್ಲ, ಅಲ್ವಾ? ನನ್ನ ಗಂಡ ಅವತ್ತಿಂದ ಒಂದು ದಿನವೂ ಮುಖ ತಿರುಗಿಸಲಿಲ್ಲ. ಪ್ರತಿ ಪರೀಕ್ಷೆಗೂ ಕೂಲಿ ಬಿಟ್ಟು ಜೊತೆಗೆ ಬಂದರು.

ಆ ದಿನಗಳಲ್ಲೇ ಕಕ್ಕಡ ಹದಿನೆಂಟು, ಅಂದರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂತು. ನಮ್ಮ ಕಡೆ ಅವತ್ತು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಇಲ್ಲ. ಹದಿನೆಂಟು ಬಗೆಯ ಔಷಧಿ ಆ ಸೊಪ್ಪಿನಲ್ಲಿ ಸೇರಿರುತ್ತದೆ ಎಂದು ನಂಬಿಕೆ. ಅದನ್ನು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ ಎಂದು ಇಲ್ಲಿನವರಿಗೆಲ್ಲ ಗೊತ್ತು. ಮೇಡಂ ತಾವಾಗಿಯೇ ಮೊದಲು ನೆನಪಿಸಿದರು. ಮೂತ್ರದ ಬಣ್ಣ ಗಾಢವಾದರೆ ಅದು ಕಾಮಾಲೆಯ ಲಕ್ಷಣವೂ ಆಗಿರಬಹುದು, ಈ ವರ್ಷ ಸೊಪ್ಪು ತಿಂದರೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ, ಹಾಗಾಗಿ ಈ ಸಲ ಬಿಡಿ ಎಂದರು. ನಾನು ಇದನ್ನು ಹೇಳಿದ್ದೇ ತಡ, ನಮ್ಮ ಅತ್ತೆ ಅವತ್ತು ಮನೆಯಲ್ಲಿ ಯಾರಿಗೂ ಮದ್ದುಸೊಪ್ಪು ಬೇಯಿಸಲಿಲ್ಲ. ಬೆಲ್ಲ, ತೆಂಗಿನಕಾಯಿ ಹಾಕಿ ಬರೀ ಅಕ್ಕಿ ಪಾಯಸ ಮಾಡಿ ಎಲ್ಲರಿಗೂ ಬಡಿಸಿದರು. ಅತ್ತೆ ಓದಿದವರಲ್ಲ. ನಾವಿರುವ ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಒಬ್ಬಿಬ್ಬರು "ಅವಳ ತಟ್ಟೆ ಬೇರೆ ಇಡಿ" ಎಂದಾಗ, "ಡಾಕ್ಟರ್ ಬೇಡ ಅಂದಿದ್ದಾರೆ" ಎಂದು ಗಟ್ಟಿಯಾಗಿ ಹೇಳಿ, ನಾನು ತಟ್ಟಿದ ರೊಟ್ಟಿಯನ್ನೇ ಅವರೆದುರು ತಿಂದರು. ಅತ್ತೆ, ಇದನ್ನು ನಿಮಗೆ ಮಗಳು ಓದಿ ಹೇಳುತ್ತಾಳೆ.

ಇನ್‌ಚಾರ್ಜ್ ಸಿಸ್ಟರ್ ಅಲ್ಲಿಗೇ ಬಿಡಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ತಂದು ನಮ್ಮ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಆ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ತರಬೇತಿ ಕೊಡಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಅದರಲ್ಲಿದೆ. ಕಾಂಟ್ರಾಕ್ಟ್ ಆದರೇನು, ಪರ್ಮನೆಂಟ್ ಆದರೇನು. 2017ರ ಎಚ್‌ಐವಿ ಕಾಯ್ದೆಯಲ್ಲೂ ಇಂಥ ಕೆಲಸದವರಿಗೆ ರಕ್ಷಣೆಯ ಸಾಮಾನು, ಚುಚ್ಚಿಕೊಂಡರೆ ಮಾತ್ರೆ ಕೊಡುವುದು ಸಂಸ್ಥೆಯ ಕೆಲಸ ಎಂದಿದೆ. ಸಿಸ್ಟರ್ ಇದನ್ನೆಲ್ಲ ಬರೆದು ಮೇಲಿನವರಿಗೆ ಕೊಟ್ಟರು. ಒಂದು ಸಲಕ್ಕೆ ಆಗಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿದರು. ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ನಮ್ಮ ಹೌಸ್‌ಕೀಪಿಂಗ್‌ನ ಎಲ್ಲರಿಗೂ ಲಸಿಕೆಯ ಮೊದಲ ಡೋಸ್ ಸಿಕ್ಕಿತು. ದಪ್ಪ ಗ್ಲೌಸ್, ಗಮ್‌ಬೂಟ್ ಬಂದವು.

ವಾರ್ಡಿನ ನರ್ಸ್‌ಗಳಿಗೂ, ತರಬೇತಿಗೆ ಬರುವ ಹುಡುಗಿಯರಿಗೂ ಬೇರೆಯಾಗಿ ಹೇಳಬೇಕು. ಈಗ ಇಂಜೆಕ್ಷನ್ ಟ್ರಾಲಿಯ ಮೇಲೇ ಬಿಳಿ ಡಬ್ಬ, ಸೂಜಿ ಕತ್ತರಿಸುವ ಹಬ್ ಕಟ್ಟರ್ ಇರುತ್ತವೆ. ಸೂಜಿಗೆ ವಾಪಸ್ ಕ್ಯಾಪ್ ಹಾಕುವುದು ನಿಂತಿದೆ. ಬಳಸಿದವರೇ, ಬಳಸಿದ ಜಾಗದಲ್ಲೇ, ತಕ್ಷಣ ಡಬ್ಬಕ್ಕೆ ಹಾಕುತ್ತಾರೆ. ಮುಕ್ಕಾಲು ತುಂಬಿತು ಎಂದರೆ ನಾವು ಹೇಳುವ ಮೊದಲೇ ಅವರೇ ಮುಚ್ಚಿ ಹೊಸದು ಇಡುತ್ತಾರೆ. ಜನ ಕಡಿಮೆ, ರೋಗಿಗಳು ಜಾಸ್ತಿ ಇರುವ ವಾರ್ಡಿನಲ್ಲಿ ಇಷ್ಟು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಒಬ್ಬ ಹುಡುಗಿ ದಿನಾ ಚೀಲ ಕಟ್ಟುವ ಹೊತ್ತಿಗೆ ಬಂದು "ಆಂಟಿ, ನಾನು ಒಮ್ಮೆ ನೋಡ್ತೀನಿ" ಎಂದು ಹೊರಗಿನಿಂದಲೇ ಪರೀಕ್ಷಿಸಿ ಹೋಗುತ್ತಾಳೆ. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿಲ್ಲ.

ಬೇರೆ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳಲ್ಲಿ ನನ್ನ ಹಾಗೆ ಕೆಲಸ ಮಾಡುವವರು ಇದನ್ನು ಓದಿದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಲಸಿಕೆ ಕಾರ್ಡ್ ತೆಗೆದು ನೋಡಿ. ಮೂರು ಡೋಸ್ ಆಗಿದೆಯಾ, ಆಮೇಲೆ ಟೈಟರ್ ನೋಡಿದ್ದಾರಾ ಎಂದು ಕೇಳಿ. ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕು, ರಾತ್ರಿ ಹೊತ್ತು ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಇವತ್ತೇ ತಿಳಿದುಕೊಳ್ಳಿ. ಮೇಲಿನ ಹುದ್ದೆಯಲ್ಲಿರುವವರು ಓದಿದರೆ, ನಿಮ್ಮ ಬಳಿ ಒಬ್ಬರು ಅಳುತ್ತಾ ಬಂದಾಗ ನಮ್ಮ ಸಿಸ್ಟರ್ ಕೇಳಿದ್ದನ್ನೇ ಮೊದಲು ಕೇಳಿ.

ಅಕ್ಕ, ನಿಮ್ಮ ಮೂರನೇ ಡೋಸ್ ಬರುವ ಮಂಗಳವಾರ ಇದೆ. ಕಾರ್ಡ್ ನನ್ನ ಹತ್ತಿರವೇ ಇದೆ, ನಾನೂ ಜೊತೆಗೆ ಬರುತ್ತೇನೆ. ಅವತ್ತು ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅತ್ತೆ ಆಗಲೇ ಹೇಳಿಯಾಗಿದೆ.