ಡಾಲ್‌ಹೌಸಿಯ ಮನೆಗೇಕೆ ಬೀಗ ಬೀಳಲಿಲ್ಲ?

ಮಾನ್ಯ ಸಂಪಾದಕರೇ,

ಗಂಡು ಸಂತಾನವಿಲ್ಲದ ದೇಶೀ ರಾಜರ ದತ್ತಕವನ್ನು ಒಪ್ಪದೆ ಅವರ ರಾಜ್ಯಗಳನ್ನು ಈಸ್ಟ್ ಇಂಡಿಯಾ ಕಂಪನಿ ವಶಪಡಿಸಿಕೊಳ್ಳುತ್ತಿದ್ದ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿಯ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಅಂದಿನ ಗವರ್ನರ್ ಜನರಲ್ ಡಾಲ್‌ಹೌಸಿ ತನ್ನ ನಾಡಿನ ಪ್ರಭು ಮನೆತನಗಳ ಕಟ್ಟಳೆಯನ್ನೇ ಇಲ್ಲಿಯೂ ಜಾರಿಗೆ ತಂದ ಎಂಬ ಅದರ ಮಾತನ್ನು ಒಪ್ಪಲಾಗದು. ಆ ಕಟ್ಟಳೆ ಎಂಥದ್ದೆಂದು ತಿಳಿಯಲು ಅವನ ಮನೆಯನ್ನೇ ನೋಡಿದರೆ ಸಾಕು.

ಡಾಲ್‌ಹೌಸಿ ಸ್ಕಾಟ್ಲೆಂಡಿನ ರಾಮ್ಸೆ ಮನೆತನದವನು. ಅರ್ಲ್ ಎಂಬ ಪ್ರಭು ಪದವಿ ತಂದೆಯಿಂದ ಬಂದದ್ದು. ಅದಕ್ಕಿಂತ ಮೇಲಿನ ಮಾರ್ಕ್ವಿಸ್ ಪದವಿ 1849ರಲ್ಲಿ ಪಂಜಾಬನ್ನು ನುಂಗಿದ್ದಕ್ಕೆ ಸಿಕ್ಕಿದ್ದು. ಅವನಿಗಿದ್ದವರು ಇಬ್ಬರು ಹೆಣ್ಣುಮಕ್ಕಳು ಮಾತ್ರ. ಸತಾರಾ, ನಾಗಪುರ, ಝಾನ್ಸಿಗಳಿಗೆ ಹಿಡಿದ ಅಳತೆಗೋಲನ್ನೇ ಹಿಡಿದಿದ್ದರೆ, 1860ರಲ್ಲಿ ಅವನು ತೀರಿಕೊಂಡಾಗ ಮನೆಗೆ ಸರ್ಕಾರದ ಬೀಗ ಬೀಳಬೇಕಿತ್ತು. ಬೀಳಲಿಲ್ಲ. ಗಂಡು ಸಂತತಿಗೆ ಮಾತ್ರ ಮೀಸಲಾಗಿದ್ದ ಮಾರ್ಕ್ವಿಸ್ ಪದವಿ ಅವನೊಂದಿಗೇ ಮುಗಿಯಿತು, ಅಷ್ಟೇ. ಅರ್ಲ್ ಪದವಿ ದಾಯಾದಿ ಪ್ಯಾನ್‌ಮ್ಯೂರ್ ಪ್ರಭುವಿಗೆ ಹೋಯಿತು. ಅವನಿಗೆ ಮಕ್ಕಳೇ ಇರಲಿಲ್ಲ, 1874ರಲ್ಲಿ ಇನ್ನೊಬ್ಬ ದಾಯಾದಿಗೆ ದಾಟಿತು. ಆ ಪದವಿ ಇಂದಿಗೂ ಉಳಿದಿದೆ.

ಆಸ್ತಿ ಹಿಡಿದ ದಾರಿ ಬೇರೆ. ಡಾಲ್‌ಹೌಸಿಯ ತಾಯಿ ತನ್ನ ತವರಾದ ಕೋಲ್ಸ್‌ಟನ್ ಎಸ್ಟೇಟಿನ ವಾರಸುದಾರಳಾಗಿದ್ದಳು. ಅದು ಅವಳಿಂದ ಮಗನಿಗೆ, ಮಗನಿಂದ ಹಿರಿಯ ಮಗಳು ಸೂಸನ್‌ಗೆ ಬಂತು. (ಇದೇ ಸೂಸನ್‌ಳ ಗಂಡ ಮುಂದೆ ಮದರಾಸಿನ ಗವರ್ನರ್ ಆದ, ಚೆನ್ನೈನ ಕನ್ನೆಮರಾ ಗ್ರಂಥಾಲಯ ಅವನ ಹೆಸರಿನದು.) ಆ ಮನೆಯವರು ಶತಮಾನಗಳಷ್ಟು ಹಳೆಯ, ಒಣಗಿ ಕಲ್ಲಿನಂತಾದ ಒಂದು ಪಿಯರ್ ಹಣ್ಣನ್ನು ಬೆಳ್ಳಿಯ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ, ಅದು ಇರುವವರೆಗೆ ವಂಶಕ್ಕೆ ಕೇಡಿಲ್ಲವೆಂಬ ನಂಬಿಕೆ. ಆ ಹಣ್ಣಿನ ತಂಟೆಗೂ ಯಾರೂ ಹೋಗಲಿಲ್ಲ. ನಾಗಪುರದ ಭೋಸಲೆಯವರ ಅರಮನೆಯಲ್ಲಾದರೋ ಆನೆ ಕುದುರೆಗಳಿಂದ ಹಿಡಿದು ಒಡವೆಗಳವರೆಗೆ ಎಲ್ಲವೂ ಹರಾಜಾದವು, ಅದೂ ರಾಣಿಯರು ಬದುಕಿದ್ದಾಗಲೇ.

ಬ್ರಿಟನ್ನಿನಲ್ಲಿ ವಾರಸುದಾರನಿಲ್ಲದೆ ಅಳಿಯುವುದು ಪದವಿ ಮಾತ್ರ. ಭೂಮಿ, ಮನೆ, ಹಣ ಉಯಿಲಿನಂತೆ ಹೋಗುತ್ತವೆ; ಉಯಿಲಿಲ್ಲದಿದ್ದರೆ ಹೆಣ್ಣುಮಕ್ಕಳೋ ಇತರ ನೆಂಟರೋ ಪಡೆಯುತ್ತಾರೆ. ಯಾರೂ ಇಲ್ಲದಿದ್ದಾಗಷ್ಟೇ ರಾಜಸತ್ತೆಯ ಪಾಲು. ಪದವಿಯ ಕಟ್ಟಳೆಯನ್ನು ನೆಲಕ್ಕೂ ಜನಕ್ಕೂ ಅಂಟಿಸಿ, ರಾಜ್ಯವೆಂದರೆ ತಾನು ಕೊಟ್ಟ ಬಿರುದು ಎಂಬಂತೆ ಹಿಂದಕ್ಕೆ ಪಡೆದದ್ದು ಕಂಪನಿಯ ಸ್ವಂತ ಬುದ್ಧಿ.

ಬ್ರಿಟನ್ನಿನಿಂದ ನಿಜವಾಗಿ ಬಂದದ್ದು ದತ್ತಕದ ಮೇಲಿನ ಅಸಡ್ಡೆ. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದೇ 1926ರಲ್ಲಿ. ಇಂದಿಗೂ ದತ್ತುಪುತ್ರ ತಂದೆಯ ಪ್ರಭು ಪದವಿಗೆ ಬರುವಂತಿಲ್ಲ. 2004ರಲ್ಲಿ ದತ್ತುಮಕ್ಕಳಿಗೆ ಸಿಕ್ಕಿದ್ದು ಪ್ರಭುವಿನ ಮಕ್ಕಳಿಗೆ ಸಲ್ಲುವ ಮರ್ಯಾದೆಯ ಸಂಬೋಧನೆ ಮಾತ್ರ. ಹೆಣ್ಣುಮಕ್ಕಳ ಪಾಡೂ ಬಹುಮಟ್ಟಿಗೆ ಅದೇ. ಸಿಂಹಾಸನದ ಮಟ್ಟಿಗೆ ಗಂಡಿಗೆ ಮೊದಲ ಮಣೆ ಎಂಬುದನ್ನು 2013ರ ಕಾಯ್ದೆ ತೆಗೆದುಹಾಕಿತು, ಪ್ರಭುಗಳ ಪದವಿಗಳನ್ನು ಮಾತ್ರ ಮುಟ್ಟಲಿಲ್ಲ.

ಇನ್ನೊಂದು ಮಾತು. ಲೇಖನ ಈ ನೀತಿಯ ಕಥೆಯನ್ನು ಡಾಲ್‌ಹೌಸಿಯಿಂದ ಆರಂಭಿಸುತ್ತದೆ. ಕನ್ನಡ ಪತ್ರಿಕೆಯಲ್ಲಿ ಅದು 1824ರಿಂದ, ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ತಳ್ಳಿಹಾಕಿದಲ್ಲಿಂದ ಶುರುವಾಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕವನ್ನು ಕಲ್ಕತ್ತೆಯ ಸರ್ಕಾರ ಒಪ್ಪದೆ, ಕೊನೆಗೆ 1867ರಲ್ಲಿ ಲಂಡನ್ನಿನಿಂದ ಮನ್ನಣೆ ಬಂದದ್ದಕ್ಕೂ ಅಲ್ಲಿ ಜಾಗವಿರಬೇಕು. ಮುಂದಿನ ಕಂತಿದ್ದರೆ ಇವೆರಡನ್ನೂ ಸೇರಿಸುವಂತೆ ಲೇಖಕರಿಗೆ ತಿಳಿಸಬೇಕಾಗಿ ಕೋರುತ್ತೇನೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ