ಅಂಗಳದಲ್ಲಿ ಗೆರೆ ಎಳೆದುಕೊಟ್ಟವರಿಗೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಶಾಲೆಯ ನಲಿ-ಕಲಿ (ಆಡುತ್ತಾ ಕಲಿಯುವ ಕಿರಿಯ ತರಗತಿಗಳ) ಮಕ್ಕಳಿಗೆ ಅಂಗಳದಲ್ಲಿ ಸಂಖ್ಯಾರೇಖೆ ಬರೆದುಕೊಟ್ಟು, ಹೆಸರನ್ನೂ ಹೇಳದೆ ಹೋದ ತಮಗೆ ಶಿಕ್ಷಕರೆಲ್ಲರ ಧನ್ಯವಾದ.

ರೇಖೆಯನ್ನು 1ರ ಬದಲು 0ಯಿಂದ ಶುರು ಮಾಡಿದ್ದೇ ದೊಡ್ಡ ಉಪಕಾರ, ಮೂರು ಸಲ ನೆಗೆದರೆ ಸರಿಯಾಗಿ 3ಕ್ಕೇ ಬರುತ್ತಾರೆ. 3ಕ್ಕೆ 2 ಕೂಡಿಸುವಾಗ ಮಕ್ಕಳು ನಿಂತ ಗೆರೆಯನ್ನೇ ‘ಒಂದು’ ಅಂದುಕೊಂಡು 4ರಲ್ಲಿ ನಿಂತುಬಿಡುತ್ತಾರೆ. ಎಣಿಸಬೇಕಾದದ್ದು ಗೆರೆಯನ್ನಲ್ಲ, ನೆಗೆತವನ್ನು. ನಿಂತಿರುವಾಗ ಬಾಯಿ ಮುಚ್ಚಿರಬೇಕು, ನೆಗೆದು ಕಾಲು ನೆಲ ಮುಟ್ಟಿದಾಗಲೇ ‘ಒಂದು’ ಅನ್ನಬೇಕು ಎಂಬ ತಮ್ಮ ನಿಯಮ ಆ ತಪ್ಪನ್ನು ಬುಡದಲ್ಲೇ ಹಿಡಿಯುತ್ತದೆ. ಗೆರೆಗಳ ನಡುವಿನ 30 ಸೆಂ.ಮೀ. ಅಂತರ ಆರು ವರ್ಷದ ಮಗುವಿನ ಒಂದು ನೆಗೆತಕ್ಕೆ ಸರಿಹೋಗಿದೆ. ಕಳೆಯುವ ಲೆಕ್ಕಕ್ಕೆ ಮಾತ್ರ ಹಿಮ್ಮುಖ ನೆಗೆತ ಬೇಡ, ಬೀಳುತ್ತಾರೆ. ಹೆಜ್ಜೆ ಹಾಕಿಸುವುದೇ ಒಳ್ಳೆಯದು.

ಅಕ್ಷರದ ಆಟವೂ ಅಷ್ಟೇ ಚೆನ್ನ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ಎಣಿಕೆಯವರೆಗೆ ಕೈ ಅಗಲಿಸುವುದು. ‘ಬಳೆ’ಗೆ ಎರಡೂ ಚಪ್ಪಾಳೆ, ‘ಬಾಳೆ’ಗೆ ಮೊದಲು ಕೈ ಅಗಲ, ಆಮೇಲೆ ಚಪ್ಪಾಳೆ. ‘ನಡು–ನಾಡು’ ಹಾಗೆಯೇ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇದು ಕಷ್ಟವಲ್ಲ, ಆ ಭಾಷೆಯಲ್ಲೂ ಹ್ರಸ್ವ-ದೀರ್ಘ ಉಂಟಲ್ಲ! ಇಡೀ ತರಗತಿ ಒಟ್ಟಿಗೆ ಆಡಿದರೆ ಹಿಂದಿನವರು ಮುಂದಿನವರ ಕೈ ನೋಡಿ ಮಾಡುತ್ತಾರೆ, ಕಿವಿಗೆ ಕೆಲಸವೇ ಇರುವುದಿಲ್ಲ. ಐದೈದು ಮಕ್ಕಳನ್ನು ಕಣ್ಣು ಮುಚ್ಚಿಸಿ ಆಡಿಸಿದರೆ ಯಾರಿಗೆ ಹ್ರಸ್ವ-ದೀರ್ಘದ ವ್ಯತ್ಯಾಸ ಕೇಳಿಸುತ್ತಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ.

ತಾವು ಬಿಟ್ಟುಹೋದ ಬಿಳಿ ಪೇಂಟ್ ಇನ್ನೂ ಅರ್ಧ ಡಬ್ಬಿ ಇದೆ. ಸವೆದ 7, 8ರ ಗೆರೆಗಳನ್ನು ಅದರಿಂದಲೇ ತಿದ್ದಿದ್ದೇವೆ.